ಮಲಕವ್ವನ ಕುರ್ಚಿ

ಬಾಗಲಗುಂಟೆಯ ಗ್ರಂಥಾಲಯಕ್ಕೆ ಕಾಲಿಡುವ ಮೊದಲು ಹೊರಗಿನ ನಲ್ಲಿಯಲ್ಲಿ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುವುದನ್ನು ಮಲಕವ್ವ ಒಂದು ದಿನವೂ ತಪ್ಪಿಸಿದವಳಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಅವಳ ಮೈಮೇಲೆಲ್ಲ ಬಣ್ಣಬಣ್ಣದ ದಾರದ ತುಣುಕುಗಳು. ಕೈ ಮಾತ್ರ ಪೂಜೆಗೆ ಕೂರುವವರ ಕೈಯಷ್ಟು ಶುಚಿ. ನಾಲ್ಕೈದು ಜನರ ಜೊತೆ ಬಾಡಿಗೆ ರೂಮಿನಲ್ಲಿರುವವಳಾದ್ದರಿಂದ ಇಲ್ಲಿಯ ವಿಳಾಸದ ದಾಖಲೆಯಿಲ್ಲ. ದಾಖಲೆಯಿಲ್ಲದವರಿಗೆ ಪುಸ್ತಕ ಮನೆಗೆ ಕೊಡುವಂತಿಲ್ಲ, ಕೂತು ಓದುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹಾಗಾಗಿ ಅರ್ಧ ಓದಿದ ಕಾದಂಬರಿಯನ್ನು ಬೇರೆಯವರು ಒಯ್ಯದಂತೆ ದಪ್ಪ ನಿಘಂಟುಗಳ ಹಿಂದೆ ಬಚ್ಚಿಟ್ಟು ಹೋಗುತ್ತಾಳೆ. ಗ್ರಂಥಪಾಲಕಿ ಜ್ಯೋತಿಲಕ್ಷ್ಮಿ ದಿನವೂ ಆ ನಿಘಂಟುಗಳ ಧೂಳು ಒರೆಸುತ್ತಾರೆ, ಹಿಂದೆ ಏನಿದೆ ಎಂದು ಮಾತ್ರ ನೋಡುವುದಿಲ್ಲ. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದುತ್ತಾಳೆ ಮಲಕವ್ವ. ಕಥೆಯ ಅತ್ತೆ ಸೊಸೆಯನ್ನು ಬೈದರೆ "ಬಾಯಿ ನೋಡು ಈಕಿದು!" ಎಂದು ಪುಟಕ್ಕೇ ಗದರುತ್ತಾಳೆ. ಪರೀಕ್ಷೆಗೆ ಓದುವವರು "ಅಕ್ಕಾ, ಸೈಲೆನ್ಸ್" ಎಂದರೆ, "ನನಗ್ಯಾಕ ಹೇಳ್ತೀರಿ? ಆ ಅತ್ತೀಗೆ ಹೇಳ್ರಿ" ಎನ್ನುತ್ತಾಳೆ. ಮೊನ್ನೆ ಅವಳು ಓದುತ್ತಿದ್ದಾಗಲೇ ಯಾರೋ ಅದೇ ಕಾದಂಬರಿ ಕೇಳಿಕೊಂಡು ಬಂದರು. ಅವಳ ಮುಖ ಸಣ್ಣದಾದದ್ದನ್ನು ಕಂಡು ಜ್ಯೋತಿಲಕ್ಷ್ಮಿ, "ನನ್ನ ಕಾರ್ಡಲ್ಲಿ ನೀನೇ ತಗೊಂಡ್ಹೋಗಮ್ಮ, ರೂಮಲ್ಲಿ ಆರಾಮಾಗಿ ಓದ್ಕೋ" ಎಂದರು. ಮಲಕವ್ವ ಪುಸ್ತಕ ಮುಚ್ಚಿ, ಮತ್ತೊಮ್ಮೆ ಕಣ್ಣಿಗೊತ್ತಿ, ಬಂದವರ ಕೈಗೇ ಕೊಟ್ಟಳು. "ಬ್ಯಾಡ್ರೀ ಅಕ್ಕಾರ, ನಾ ಇಲ್ಲೇ ಬ್ಯಾರೇದು ಓದ್ತೀನಿ. ರೂಮಿಗೆ ಹೋದ್ರ ಎಲ್ಲಾರೂ 'ಏಳು, ರೊಟ್ಟಿ ಬಡಿ' ಅಂತಾರ. 'ಕುಂದ್ರು' ಅನ್ನೋದು ಈ ಕುರ್ಚಿ ಒಂದ."