ಕನ್ನಮ್ಮ ಒಪ್ಪಿದರೆ ಮಾತ್ರ ಅಚ್ಚು

ಮೇಗರವಳ್ಳಿಗೆ ತೀರ್ಥಹಳ್ಳಿಯಿಂದ ಮೊದಲ ಬಸ್ಸು ಬರುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಂಡಕ್ಟರು ಸುರುಳಿ ಸುತ್ತಿದ ಕಾಗದವೊಂದನ್ನು ಕಿಟಕಿಯಿಂದಲೇ ಕೊಡುತ್ತಾರೆ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದ ಕನ್ನಮ್ಮ ಅದನ್ನು ತೊಡೆಯ ಮೇಲೆ ಹರಡಿಕೊಳ್ಳುತ್ತಾರೆ. ಹಾಳೆಯ ತುಂಬ ಎಂಟು ಚಿತ್ರಗಳು. ಕೆಲಸಕ್ಕೆ ಹೊರಟ ಊರಿನ ಹೆಂಗಸರು ಅವರನ್ನು ದಾಟಿ ಗದ್ದೆಯ ಕಡೆ ನಡೆಯುತ್ತಿದ್ದಾರೆ. ಇವರು ಮಾತ್ರ ಮೂರನೆಯ ಚಿತ್ರದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ:

"ಇವ್ರು ನೆಡ್ತಾ ಮುಂದೆ ಮುಂದೆ ಹೋಗ್ತಿದಾರಲ್ಲ, ನೆಟ್ಟ ಸಸಿನೆಲ್ಲ ತಾವೇ ತುಳ್ದು ಹಾಕ್ತಾರೆ. ನಟ್ಟಿ ಮಾಡೋರು ಹಿಂದಕ್ಕೆ ಬರ್ಬೇಕು. ಜಟ್ಟಿಂಗಪ್ಪಂಗೆ ಹೇಳಿ, ಇದು ಆಗಲ್ಲ."

ಜಟ್ಟಿಂಗಪ್ಪ ಹೊಸನಗರದಲ್ಲಿ ಅಂಗಡಿಗಳ ಬೋರ್ಡು ಬರೆಯುವವರು; ಈ ಚಿತ್ರಗಳೂ ಅವರವೇ. ಕನ್ನಮ್ಮ ಬೇಡವೆಂದ ಮೇಲೆ ಅವರು ಹೊಸದಾಗಿ ಬರೆಯಲೇಬೇಕು. ಅದು ಈ ಮೂವರ ನಡುವಿನ ಕರಾರು. ಮೂರನೆಯವರು ಸಾಗರದ ಪ್ರೌಢಶಾಲೆಯಲ್ಲಿ ಸಮಾಜ ವಿಷಯ ಕಲಿಸುವ ಮನೋರಮಾ. ರಜೆಯ ದಿನ ಕೇರಿಗಳಲ್ಲಿ ತಿರುಗಿ, ಗೇಣಿ, ಕೂಲಿ, ರೇಷನ್ನು ಎಂದು ಜನರ ಮಾತು ಕೇಳಿ ಬರೆದುಕೊಳ್ಳುತ್ತಾರೆ. ಅದು ಚಿತ್ರಕಥೆಯಾಗುತ್ತದೆ. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಮುನ್ನೂರು ಪ್ರತಿ ತೆಗೆದು, ಮೂರು ತಾಲೂಕಿನ ಹಿಟ್ಟಿನ ಗಿರಣಿ, ಹೋಟೆಲು, ರೇಷನ್ ಅಂಗಡಿಗಳ ಗೋಡೆಗೆ ಅಂಟಿಸುತ್ತಾರೆ. ಐದು ವರ್ಷದಲ್ಲಿ ನಲವತ್ತೊಂದು ಹಾಳೆ ಹೊರಬಂದಿವೆ. ಓದು ಬರದ ಕನ್ನಮ್ಮನ ಕಣ್ಣು ದಾಟದೆ ಒಂದೂ ಹೋಗಿಲ್ಲ.

ಮೊದಲ ಹಾಳೆಯನ್ನು ಅವರ ಕೈಗೆ ಕೊಟ್ಟಾಗ ಅವರು ಕೆಳಗಿನ ಮೂಲೆಯಿಂದ ನೋಡತೊಡಗಿದರಂತೆ. ಕಣ್ಣಿಗೆ ಮೊದಲು ಬೀಳುವ ದೊಡ್ಡ ಮನೆಯ ಚಿತ್ರ ಇದ್ದದ್ದು ಅಲ್ಲಿ. "ಎಡದಿಂದ ಬಲಕ್ಕೆ ನೋಡಬೇಕು ಅನ್ನೋದೂ ಶಾಲೆ ಕಲಿಸಿದ್ದು ಅಂತ ನನಗೆ ಅವತ್ತೇ ಗೊತ್ತಾಗಿದ್ದು," ಎನ್ನುತ್ತಾರೆ ಮನೋರಮಾ. ಅಂದಿನಿಂದ ಚಿತ್ರಗಳು ಒಂದರ ಕೆಳಗೊಂದು ಇಳಿಯುತ್ತವೆ.

ಕನ್ನಮ್ಮನಿಗೆ ಈಗ ಐವತ್ತೆರಡು. ಗಂಡ ಶೇಷಪ್ಪ ಒಂದೂವರೆ ಎಕರೆ ಗದ್ದೆಯನ್ನು ಇಪ್ಪತ್ತೆರಡು ವರ್ಷ ಗೇಣಿಗೆ ಮಾಡಿದ್ದರು. ಎಪ್ಪತ್ಮೂರನೇ ಇಸವಿಯಲ್ಲಿ ಜ್ವರ ಬಂದು ತೀರಿಕೊಂಡರು. ಆಮೇಲೂ ಕನ್ನಮ್ಮ ಉಳುಮೆಗೆ ಆಳು ಹಿಡಿದು ಎರಡು ಬೆಳೆ ತೆಗೆದರು. ಅಷ್ಟರಲ್ಲಿ ಉಳುವವರಿಗೇ ಭೂಮಿ ಎಂಬ ಕಾಯಿದೆಯ ಸುದ್ದಿ ಬಂತು. ಅದರ ಹಿಂದೆಯೇ ಒಡೆಯರ ಕಡೆಯವರೊಬ್ಬರು ಕಾಗದ ತಂದರು. ಒಂದು ಹೆಬ್ಬೆಟ್ಟು ಒತ್ತು, ಮುಂದಿನದು ನಾವು ನೋಡಿಕೊಳ್ಳುತ್ತೇವೆ ಎಂದರು. ಇವರು ಒತ್ತಿದರು. ಊರಿನವರ ಮಾತು ಕೇಳಿ, ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂಬ ಡಿಕ್ಲರೇಷನ್ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ವಿಚಾರಣೆಗೆ ಹೋದಾಗ ಅಲ್ಲಿ ಅದೇ ಕಾಗದವನ್ನು ಓದಿದರು.

"ಓದಿದ್ ಮೇಲೇ ನಂಗೂ ಗೊತ್ತಾಗಿದ್ದು, ನಾನು ಗದ್ದೆ ಬಿಟ್ಕೊಟ್ಟಿದೀನಿ ಅಂತ," ಎನ್ನುತ್ತಾರೆ ಕನ್ನಮ್ಮ. ದನಿಯಲ್ಲಿ ಏರಿಳಿತವಿಲ್ಲ.

ತೀರ್ಥಹಳ್ಳಿಯಲ್ಲಿ, ವಿಚಾರಣೆ ಮುಗಿಸಿ ಹೊರಬಂದವರನ್ನು ಮಾತನಾಡಿಸುತ್ತಿದ್ದ ಮನೋರಮಾಗೆ ಅವರು ಸಿಕ್ಕಿದ್ದು ಆ ದಿನವೇ. ಎಪ್ಪತ್ತೆಂಟರಲ್ಲಿ ಇವರದೇ ಕಥೆಯ ಹಾಳೆ ಸಿದ್ಧವಾಯಿತು. ಕೊನೆಯ ಚಿತ್ರದಲ್ಲಿ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ಕನ್ನಮ್ಮ ಹಾಳೆಯನ್ನು ಮಡಿಸಿ ವಾಪಸು ಕೊಟ್ಟರು.

"ನಾನು ಅಲ್ಲಿ ಅಳ್ಲಿಲ್ಲ. ಇನ್ನೊಂದ್ ಸರ್ತಿ ಓದಿ ಅಂದೆ. ಮೂರು ಸರ್ತಿ ಓದಿಸ್ದೆ. ಬರೆಯೋದಾದ್ರೆ ಅದನ್ನ ಬರೀಲಿ."

ಜಟ್ಟಿಂಗಪ್ಪನಿಗೆ ಮೊದಲು ಸಿಟ್ಟು ಬಂದಿತ್ತು. "ಅಳೋದು ಬರೆದ್ರೆ ಜನ ಮರುಗ್ತಾರೆ ಕನ್ನಕ್ಕ ಅಂದೆ. ‘ಮರುಗಿ ಎಂತ ಮಾಡ್ತಾರೆ? ನಾಳೆ ಅವರ ಮನೆಗೂ ಕಾಗದ ಬರತ್ತೆ’ ಅಂದ್ಲು. ಮತ್ತೆ ಬರೆಯಕ್ಕೆ ಕೂತೆ," ಎನ್ನುತ್ತಾರೆ. ಸೈಕ್ಲೋಸ್ಟೈಲಿನ ಮೇಣದ ಹಾಳೆಯ ಮೇಲೆ ಕಂಟದ ಉಕ್ಕಿನ ಮೊನೆಯಿಂದ ಗೀರಿದ ಚಿತ್ರವನ್ನು ಅಳಿಸಲಾಗದು. ಎಂಟನ್ನೂ ಮೊದಲಿಂದ ಗೀರಿದರು. ಹೊಸ ಹಾಳೆಯ ಕೊನೆಯ ಚಿತ್ರದಲ್ಲಿ ಶಾಯಿ ಹತ್ತಿದ ಹೆಬ್ಬೆರಳೊಂದು ಕಾಗದದ ಮೇಲೆ ತಡೆದು ನಿಂತಿದೆ. ಕನ್ನಮ್ಮ ಒತ್ತುವ ಮೊದಲು ಕೇಳದೆ ಹೋದದ್ದನ್ನು ಹೆಂಗಸು ಕೇಳುತ್ತಿದ್ದಾಳೆ: "ಇದ್ರಲ್ಲಿ ಎಂತ ಬರ್ದಿದೆ?"

ಊರಿನ ಗಿರಣಿಯ ಗೋಡೆಯ ಮೇಲೆ ಆ ಹಾಳೆ ಎರಡು ದಿನವೂ ಉಳಿಯಲಿಲ್ಲ. ಹರಿದವರು ಯಾರೆಂದು ಎಲ್ಲರಿಗೂ ಗೊತ್ತು. ಆ ವರ್ಷದ ನಟ್ಟಿಗೆ ಕನ್ನಮ್ಮನನ್ನು ಊರಿನಲ್ಲಿ ಒಬ್ಬರೂ ಕರೆಯಲಿಲ್ಲ. ದಿನಾ ನಾಲ್ಕು ಮೈಲಿ ನಡೆದು ಬೇರೆ ಊರಿನ ಗದ್ದೆಗೆ ಹೋದರು. ಮನೋರಮಾ ಹೆದರಿ, ಇನ್ನು ನಿಲ್ಲಿಸಿಬಿಡೋಣ ಎಂದಿದ್ದರು. "ನೀವು ನಿಲ್ಸಿದ್ರೆ ನಂಗೆ ಊರಲ್ಲಿ ಕೆಲ್ಸ ಸಿಗತ್ತಾ ಟೀಚರಮ್ಮ?" ಎಂದು ಕನ್ನಮ್ಮ ಕೇಳಿದರು. ಮುಂದಿನ ತಿಂಗಳ ಹಾಳೆ ಎಂದಿನಂತೆ ಬಂತು.

ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಹೂವಮ್ಮ ಎಂಬ ವಿಧವೆ ಆ ಚಿತ್ರವನ್ನು ಗಿರಣಿಯಲ್ಲಿ ನೋಡಿದ್ದರು. ತಮ್ಮ ಮನೆಗೂ ಅಂಥದೇ ಕಾಗದ ಬಂದಾಗ ಹೆಬ್ಬೆಟ್ಟು ಒತ್ತದೆ, ಪೋಸ್ಟ್‌ಮ್ಯಾನ್ ಕೈಲಿ ಓದಿಸಿದರು. ಓದಿಸಿಕೊಂಡ ಮೇಲೆ ಒಲೆಗೆ ಹಾಕಿದರು. ಅರ್ಜಿಯ ಕಡೆಯ ದಿನಾಂಕಕ್ಕೆ ಮೂರು ವಾರ ಇರುವಾಗ ಡಿಕ್ಲರೇಷನ್ ಹಾಕಿದರು. ಹೋದ ವರ್ಷ ಗದ್ದೆ ಅವರ ಹೆಸರಿಗೆ ಆಯಿತು. ಚಿತ್ರದ ಹೆಂಗಸು ಯಾರೆಂದು ವಿಚಾರಿಸುತ್ತ, ಎರಡು ಬಸ್ಸು ಬದಲಿಸಿ ಮೇಗರವಳ್ಳಿಗೆ ಬಂದು ಆದೇಶದ ಕಾಗದವನ್ನು ಕನ್ನಮ್ಮನ ಕೈಗೆ ಕೊಟ್ಟರು.

ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದು ಕೇಳುತ್ತೇನೆ.

"ಆಯ್ತು. ಸುಳ್ಳು ಎಂತಕ್ಕೆ ಹೇಳ್ಲಿ? ಅವ್ರು ಹೋದ್ಮೇಲೆ ಊಟ ಸೇರ್ಲಿಲ್ಲ. ಬೆಳಿಗ್ಗೆ ಎದ್ದಾಗ ಸರಿಯಾಯ್ತು. ಒಂದ್ ಗದ್ದೆ ಆದ್ರೂ ಉಳೀತಲ್ಲ."

ಕನ್ನಮ್ಮನ ಗದ್ದೆಯನ್ನು ಈಗ ಬೇರೆಯವರು ಉಳುತ್ತಾರೆ. ಅದರ ಅಂಚಿನ ದಾರಿಯಲ್ಲೇ ಅವರು ಕೂಲಿಗೆ ಹೋಗಿ ಬರುತ್ತಾರೆ.

ಹಾಳೆಯ ಅಡಿಯಲ್ಲಿ ಬರಹ ಮನೋರಮಾ, ಚಿತ್ರ ಜಟ್ಟಿಂಗಪ್ಪ ಎಂದು ಇಷ್ಟು ದಿನ ಎರಡೇ ಹೆಸರಿದ್ದವು. ಮುಂದಿನ ಹಾಳೆಯಿಂದ "ತಿದ್ದಿದವರು: ಕನ್ನಮ್ಮ" ಎಂದೂ ಸೇರಿಸುತ್ತಾರಂತೆ. ಅದರ ಬಗ್ಗೆ ಕೇಳಿದರೆ ಕನ್ನಮ್ಮ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಎದ್ದು ನಿಲ್ಲುತ್ತಾರೆ.

"ಟೀಚರಮ್ಮನ್ನ ನಾನು ತಿದ್ದೋದು ಅಂದ್ರೆ ಊರೋರು ನಗ್ತಾರೆ," ಎನ್ನುತ್ತಾರೆ. ನಾಲ್ಕು ಹೆಜ್ಜೆ ಹೋಗಿ ತಿರುಗುತ್ತಾರೆ. "ಆದ್ರೂ ಇರ್ಲಿ ಬಿಡಿ. ಸುಳ್ಳಲ್ವಲ್ಲ."