ಜೀಪಿಗೆ ಕುಡಿಸಿದ ದೀಪದ ಎಣ್ಣೆ

ಇವತ್ತು ಬೆಳಿಗ್ಗೆ ಬೈಲಹೊಂಗಲದ ಪೇಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಬೆನ್ನ ಹಿಂದೆ ಯಾವುದೋ ಹಳೆಯ ಜೀಪು ಬಂದು 'ಚೀಂಯ್' ಎಂದಿತು. "ಕ್ಲಚ್ಚಿನ ಬೇರಿಂಗ್ ಹೋಗ್ಯದ" ಎಂದು ನಾನು ಅಲ್ಲಿಂದಲೇ ಕೂಗಿಬಿಟ್ಟೆ. ಕಾಯಿಪಲ್ಲೆಯವಳು ತಕ್ಕಡಿ ಹಿಡಿದೇ ನಕ್ಕಳು. ನೀವೂ ನಗಬಹುದು. ಆದರೆ ಆ ಸದ್ದು ಕೇಳಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮದು ಸಂಪಗಾಂವದ ಪೌರೋಹಿತ್ಯದ ಮನೆ. ಅಪ್ಪ ಮಾತ್ರ ಪಂಚಾಂಗಕ್ಕಿಂತ ತಮ್ಮ ಫೋರ್ ವ್ಹೀಲ್ ಜೀಪನ್ನೇ ಹೆಚ್ಚು ನಂಬಿದವರು. ಮಳೆಗಾಲದ ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹುಗಿದು ಕೂತಲ್ಲೂ ಅದು ಎದ್ದು ಬರುತ್ತಿತ್ತು. ಅವರು ತೀರಿಕೊಂಡ ವರ್ಷವೇ ಕ್ಲಚ್ ಒತ್ತಿದರೆ ಸಾಕು, ಕಿರುಚತೊಡಗಿತು. ಅಣ್ಣ ಖಡಾಖಂಡಿತದ ಮನುಷ್ಯ. ಜೀಪು ಮಾರುತ್ತೇನೆಂದು ಸವದತ್ತಿಯ ಗುಜರಿಯವನಿಗೆ ಮಾತು ಕೊಟ್ಟೇಬಿಟ್ಟ. ನಾನು ಅಂಗಲಾಚಿದ ಮೇಲೆ, ಸೋಮವಾರದೊಳಗೆ ಸದ್ದು ನಿಲ್ಲಿಸಿದರೆ ನೋಡೋಣ ಎಂದ.

ಗಾಲಿ ಕಿರುಗುಟ್ಟಿದರೆ ಕೀಲಿಗೆ ಎಣ್ಣೆ ಬಿಡಬೇಕು. ಚಕ್ಕಡಿಯ ಊರಿನವನಾದ ನನಗೆ ಗೊತ್ತಿದ್ದ ವಿದ್ಯೆ ಇಷ್ಟೇ. ಜೀಪಿನ ಕೆಳಗೆ ತೂರಿ, ಕ್ಲಚ್ಚಿನ ರಬ್ಬರ್ ಮುಚ್ಚಳ ಸರಿಸಿ, ದೇವರ ದೀಪಕ್ಕಿಟ್ಟಿದ್ದ ಕುಸುಬೆ ಎಣ್ಣೆಯನ್ನು ಹೋಳಿಯ ಪಿಚಕಾರಿಯಲ್ಲಿ ತುಂಬಿ ಒಳಗೆ ಬಿಟ್ಟೆ. ಸದ್ದು ತಗ್ಗಿತು! ಕುಣಿದಾಡಿ ಗೇರ್ ಹಾಕಿದರೆ ಎಂಜಿನ್ ಗರ್ಜಿಸಿತೇ ಹೊರತು ಜೀಪು ಕದಲಲಿಲ್ಲ. ಕ್ಲಚ್ ಪ್ಲೇಟು ಎಣ್ಣೆ ಕುಡಿದು ಜಾರುತ್ತಿತ್ತು. ಸುಟ್ಟ ವಾಸನೆಗೆ ಅವ್ವ ಹೊರಗೆ ಬಂದು, ಇಷ್ಟೊತ್ತಿನಲ್ಲಿ ಭಜಿ ಕರಿಯುವವರು ಯಾರು ಎಂದು ಕೇಳಿದಳು.

ಟ್ರ್ಯಾಕ್ಟರಿಗೆ ಕಟ್ಟಿ ಬೈಲಹೊಂಗಲದ ಗೌತಮ ಮಿಸ್ತ್ರಿಯ ಗ್ಯಾರೇಜಿಗೆ ಎಳೆದು ತಂದೆವು. ಅವರು ಬೈಯಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಗೇರ್‌ಬಾಕ್ಸಿಗೆ, ಇನ್ನೊಂದನ್ನು ತಮ್ಮ ಕಿವಿಗೆ ಹಚ್ಚಿದರು. ಆಮೇಲೆ ನನ್ನ ಕಿವಿಗೂ ಕೊಟ್ಟರು. ಪೆಡಲ್ ಒತ್ತಿದಾಗ ಅತ್ತರೆ ಕ್ಲಚ್ಚಿನ ಬೇರಿಂಗು, ಬಿಟ್ಟಾಗ ಅತ್ತರೆ ಗೇರ್‌ಬಾಕ್ಸು ಎಂದು ಬಿಡಿಸಿ ಹೇಳಿದರು. ನಮ್ಮದು ಒತ್ತಿದಾಗಲೇ ಅಳುತ್ತಿತ್ತು. ಅದನ್ನು ನಾನೇ ಗುರುತಿಸಿದೆ! ಆ ಖುಷಿ ನನಗೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಫೋರ್ ವ್ಹೀಲ್ ಎಂದರೆ ಇಳಿಸುವ ಕೆಲಸವೂ ದುಪ್ಪಟ್ಟು. ಹಿಂದಿನ ಗಾಲಿ ತಿರುಗಿಸುವ ಶಾಫ್ಟು, ಮುಂದಿನ ಗಾಲಿಯ ಶಾಫ್ಟು ಎರಡನ್ನೂ ಬಿಚ್ಚಿ, ನಾಲ್ಕು ಜನ ಸೇರಿ ಗೇರ್‌ಬಾಕ್ಸ್ ಇಳಿಸಿದೆವು. ಹೊಸ ಪ್ಲೇಟು, ಹೊಸ ಬೇರಿಂಗು ಕೂತವು. ಮಿಸ್ತ್ರಿ ಪೆಡಲಿನ ಸವೆದ ರಬ್ಬರನ್ನು ಬೆರಳಲ್ಲಿ ಸವರಿದರು.

"ಕ್ಲಚ್ ಮ್ಯಾಲ ಕಾಲ ಇಟಗೊಂಡ ಗಾಡಿ ಹೊಡಿತಿದ್ದವರು ಯಾರ್ರೀ? ಅದಕ್ಕ ಬೇರಿಂಗ್ ಸವದೈತಿ."

ಎಂ.ಕೆ. ಹುಬ್ಬಳ್ಳಿಯ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಅಪ್ಪ ಎಡಗಾಲನ್ನು ಕ್ಲಚ್ಚಿನಿಂದ ತೆಗೆಯುತ್ತಲೇ ಇರಲಿಲ್ಲ. ನಮ್ಮಪ್ಪ ಎಂದು ಹೇಳಿ, ನಾನೂ ಆ ರಬ್ಬರನ್ನು ಒಮ್ಮೆ ಸವರಿದೆ.

ಸೋಮವಾರ ಗುಜರಿಯವನು ಬಂದ. ಅಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಜೀಪು ಹೊರಡಿಸಿದ. ಒಂದಿಷ್ಟೂ ಸದ್ದಿಲ್ಲ. ಮುನವಳ್ಳಿಯ ದಿಕ್ಕಿಗೆ ಸ್ವಲ್ಪ ದೂರ ಹೋದೆವು. ಕೆಳಗೆ ನೋಡಿದೆ. ಖಾಲಿ ನೇರ ದಾರಿಯಲ್ಲೂ ಅಣ್ಣನ ಎಡಗಾಲು ಕ್ಲಚ್ಚಿನ ಮೇಲೆಯೇ ಇತ್ತು. ತಿರುಗಿ ಬಂದವನು ಇಳಿಯಲೂ ಇಲ್ಲ. "ನೀವು ಹೋಗ್ರಿ. ನಮ್ಮಪ್ಪನ ಗಾಡಿ, ಕೊಡೂದಿಲ್ಲ" ಎಂದ.

ಇವತ್ತು ಪೇಟೆಯ ಜೀಪಿನವನಿಗೆ, ಕ್ಲಚ್ ಮೇಲಿಂದ ಕಾಲು ತೆಗೆಯಪ್ಪಾ ಎಂದು ದೊಡ್ಡ ಉಪದೇಶ ಮಾಡಿ ಬಂದೆ. ಅಣ್ಣನಿಗೆ ಮಾತ್ರ ಇಷ್ಟು ವರ್ಷವಾದರೂ ಹೇಳಿಲ್ಲ. ಆಮೇಲೆ ನಮ್ಮ ಬೇರಿಂಗು ಮೂರು ಸಲ ಸವೆದಿದೆ. ಸವೆಯಲಿ.