ಪುಸ್ತಕದಲ್ಲಿಲ್ಲದ ಉತ್ತರ

ಸಿಂಗಪುರದ ನಮ್ಮ ಕಾಲೇಜಿಗೆ ಸೆರಂಗೂನ್‌ನಿಂದ ಎಂಆರ್‌ಟಿ ರೈಲಿನಲ್ಲಿ ಬರುತ್ತಿದ್ದ ನಮ್ಮ ಫಿಸಿಕ್ಸ್ ಲ್ಯಾಬ್ ಸರ್ ಮೈಸೂರಿನವರು. ಕನ್ನಡಕವನ್ನು ಹಣೆಗೇರಿಸಿ, “ಹಿಂದೆ ಯುರೋಪಲ್ಲಿ ಪ್ರೊಫೆಸರ್ ಪ್ರಯೋಗ ಮಾಡೋರು, ಸ್ಟೂಡೆಂಟ್ಸ್ ಕೂತು ನೋಡೋರು ಅಷ್ಟೇ. ಉಪಕರಣ ನಿಮ್ಮ ಕೈಗೆ ಬರೋಕೆ ಎಷ್ಟು ಜಗಳ ಆಗಿದೆ ಗೊತ್ತಾ?” ಎಂದು ಪ್ರತಿ ಕ್ಲಾಸಿನಲ್ಲೂ ಕೇಳುತ್ತಿದ್ದರು.

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಫೇಲಾದರೆ ಸ್ಕಾಲರ್‌ಶಿಪ್ ಹೋಗುತ್ತಿತ್ತು. ಕೊನೆಯ ಪ್ರಾಕ್ಟಿಕಲ್‌ನಲ್ಲಿ ಲೋಲಕದಿಂದ ಅಳೆದ ಗುರುತ್ವ 9.2 ಬಂದಾಗ, ಊರಲ್ಲಿ ಪಿಯುಸಿ ಓದುವಾಗಿನ ಅಭ್ಯಾಸದಂತೆ ರೀಡಿಂಗ್ ತಿದ್ದಿ 9.8 ಬರೆದೆ. ಸರ್ ಹಾಳೆ ನೋಡಿದರು.

“ಇದು ಪುಸ್ತಕದ್ದು. ನಿಂದೆಲ್ಲಿದೆಯಮ್ಮಾ?”

“ತಪ್ಪು ಬಂದಿತ್ತು ಸರ್.”

“ಅದನ್ನೇ ಬರಿ. ಯಾಕೆ ಬಂತು ಅಂತಲೂ ಬರಿ.”

ಅಳುಕುತ್ತಲೇ 9.2 ಬರೆದು, ದಾರಕ್ಕೆ ಕಟ್ಟಿದ ಗುಂಡಿನ ಮಧ್ಯದವರೆಗೆ ಅಳೆಯದೆ ದಾರವನ್ನಷ್ಟೇ ಅಳೆದಿದ್ದೆ ಎಂದೂ ಸೇರಿಸಿದೆ. ಪಾಸಾದೆ. ನನ್ನ ಡಿಗ್ರಿಯೊಳಗೆ ಆ ತಪ್ಪೂ ಇದೆ, ನಾನೇ ದುಡಿದು ಗಳಿಸಿದ್ದು.